ಮುಚ್ಚಳದ ಕೆಳಗಿನ ಎಂಟು

ಅಭಿಜ್ಞಾಳ ಕೆಂಚಿ ಹದಿನಾಲ್ಕು ತಿಂಗಳು ಸಾಯಲಿಲ್ಲ. ಅದಕ್ಕೆ ಕೆಂಚಿಯ ಜಾಣತನವೇ ಕಾರಣ ಎಂದು ಅಭಿಜ್ಞಾ ನಂಬಿದ್ದಳು. ಕಾರಣ ನಾನು.

ಕೆಂಚಿ ಉಸಿರಾಡುವ ಮನುಷ್ಯಳಲ್ಲ. ಶಿರಸಿಯ ನಮ್ಮ ಹಾಸ್ಟೆಲ್ಲಿನ ತಾರಸಿಯಲ್ಲಿ ಭಾನುವಾರ ಬೆಳಿಗ್ಗೆ ನಾವು ಆಡುತ್ತಿದ್ದ ಆಟದ ಒಂದು ಪಾತ್ರ. ಹಗ್ಗ ಹತ್ತುವವಳು, ಬೀಗ ಬಿಚ್ಚುವವಳು, ಎಡಗೈಯಲ್ಲಿ ಕತ್ತಿ ಹಿಡಿಯುವವಳು. ಆ ಆಟಕ್ಕೆ ಹಲಗೆಯಿಲ್ಲ, ಕಾಯಿಗಳಿಲ್ಲ. ಒಬ್ಬಳು ಕೋಟೆ, ಕಾಡು, ವೈರಿ ಎಲ್ಲವನ್ನೂ ಬಾಯಲ್ಲಿ ಹೇಳುತ್ತಾಳೆ. ಉಳಿದವರು ತಂತಮ್ಮ ಪಾತ್ರ ಏನು ಮಾಡುತ್ತದೆ ಎಂದು ಹೇಳುತ್ತಾರೆ. ಮಾಡಲು ಹೋದದ್ದು ಆಯಿತೋ ಇಲ್ಲವೋ ಎಂಬುದನ್ನು ಕವಡೆ ತೀರ್ಮಾನಿಸುತ್ತದೆ. ಹೇಳುವವಳು ನಾನು, ಕಾನಸೂರಿನ ಜಯಾ, ಬಿ.ಎ. ಎರಡನೇ ವರ್ಷ, ಹಾಸ್ಟೆಲ್ ಲೈಬ್ರರಿಯ ಬೀಗದಕೈ ಇಟ್ಟುಕೊಂಡವಳು.

ಲೈಬ್ರರಿ ಎಂದರೆ ಒಂದು ಕಬ್ಬಿಣದ ಕಪಾಟು. ಅದರಲ್ಲಿದ್ದ ಕಾದಂಬರಿಗಳೆಲ್ಲ ಮುಗಿದ ಮೇಲೆ ಜೇನು ಸಾಕಣೆಯ ಕೈಪಿಡಿ ಓದಿದೆ. ಅದೂ ಮುಗಿದ ಮೇಲೆ ಕೆಳಗಿನ ಖಾನೆಯಲ್ಲಿ ಒಂದು ಝೆರಾಕ್ಸ್ ಪುಸ್ತಕ ಸಿಕ್ಕಿತು. ಇಂಗ್ಲಿಷು. ರಟ್ಟು ಇಲ್ಲ, ಹೆಸರು ಇಲ್ಲ. ಯಾರು ದಾನ ಕೊಟ್ಟರೋ ಗೊತ್ತಿಲ್ಲ. ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ವಾರದಲ್ಲಿ ಓದಿದೆ. ಆಟದ ನಿಯಮಗಳೆಲ್ಲ ಇದ್ದವು. ಕಾಳಗಕ್ಕೆ ಇಪ್ಪತ್ತು ಮುಖದ ದಾಳ ಬೇಕು, ವೈರಿಗೆ ಇಪ್ಪತ್ತು ಬಿದ್ದರೆ ಅದು ಸಾಯುವ ಪೆಟ್ಟು ಎಂದಿತ್ತು. ಇಪ್ಪತ್ತು ಮುಖದ ದಾಳವನ್ನು ನಾವು ಚಿತ್ರದಲ್ಲಷ್ಟೇ ನೋಡಿದ್ದು. ನಮ್ಮಲ್ಲಿದ್ದದ್ದು ಚೌಕಾಬಾರದ ನಾಲ್ಕು ಕವಡೆ. ನಾಲ್ಕೂ ಬಾಯಿ ಕೆಳಗಾಗಿ ಬಿದ್ದರೆ ಎಂಟು. ಎಂಟಕ್ಕಿಂತ ದೊಡ್ಡದು ಇಲ್ಲವಾದ್ದರಿಂದ ವೈರಿಗೆ ಎಂಟು ಬಿದ್ದರೆ ಸಾವು ಎಂದು ಇಟ್ಟುಕೊಂಡೆವು.

ಸತ್ತ ಮೇಲೆ ಏನು? 'ಅರವತ್ತೊಂದನೇ ಪುಟ ನೋಡಿ' ಎಂದಿತ್ತು. ಅರವತ್ತರ ಮುಂದೆ ಅರವತ್ತೊಂಬತ್ತು ಬರುತ್ತಿತ್ತು. ನಡುವಿನ ಪುಟಗಳನ್ನು ಝೆರಾಕ್ಸಿನವನು ನುಂಗಿದ್ದ.

ಆ ಹೊತ್ತಿಗೆ ಆಡುತ್ತಿದ್ದವರು ನಾನು, ಯಲ್ಲಾಪುರ ಕಡೆಯ ಚಂದಗುಳಿಯ ಅಭಿಜ್ಞಾ, ಸಿದ್ದಾಪುರದ ಸ್ಫೂರ್ತಿ. ಮೂವರೂ ತೋಟದ ಮನೆಯ ಹವ್ಯಕರು. ಪುಸ್ತಕ ಸುಮ್ಮನಿರುವ ಕಡೆ ನಮಗೆ ಗೊತ್ತಿದ್ದದ್ದನ್ನು ತುಂಬಿಸಿದೆವು. ಪಾತ್ರ ಸತ್ತರೆ ಆಡುವವಳಿಗೆ ಹತ್ತು ದಿನ ಸೂತಕ, ಕವಡೆ ಮುಟ್ಟುವಂತಿಲ್ಲ, ಚಾಪೆಯ ಮೇಲೆ ಕೂರುವಂತಿಲ್ಲ. ಹನ್ನೊಂದಕ್ಕೆ ಸ್ನಾನ. ಹನ್ನೆರಡಕ್ಕೆ ಅವಲಕ್ಕಿ ಊಟ ಹಾಕಿಸಿ ಹೊಸ ಪಾತ್ರ ಬರೆದುಕೊಳ್ಳಬಹುದು. ನಗುತ್ತಲೇ ಮಾಡಿದ ನಿಯಮ. ಆದರೆ ನಿಯಮ ಮಾಡಿದ ಮೇಲೆ ನಡೆಸುವವರು ನಾವು, ನಗುತ್ತ ನಡೆಸುವ ಅಭ್ಯಾಸ ನಮಗಿಲ್ಲ.

ಮೊದಲ ತಿಂಗಳಲ್ಲೇ ಸ್ಫೂರ್ತಿಯ ಮಂತ್ರವಾದಿನಿಯನ್ನು ಕೋಟೆ ಬಾಗಿಲಿನ ನಾಯಿ ಕಚ್ಚಿ ಸಾಯಿಸಿತು. ಸ್ಫೂರ್ತಿ ಎದ್ದು ಕೆಳಗೆ ಹೋದಳು. ಇಬ್ಬರಿಂದ ಆಟ ನಡೆಯಲಿಲ್ಲ. ಅವಳು ಕೆಳಗೆ ಕೇರಂ ಆಡುವವರ ಜೊತೆ ಸೇರಿದಳು, ಅದು ಅವಳಿಗೆ ಹಿಡಿಸಿತು. ಹನ್ನೆರಡನೇ ದಿನ ಬಂದಳಾದರೂ ಮನಸ್ಸಿಲ್ಲದೆ ಬಂದಳು. ಇನ್ನೊಂದು ಸಾವು ಬಂದರೆ ಆಟ ಮುಗಿಯಿತು ಎಂದು ನನಗೆ ಅರ್ಥವಾಯಿತು. ಆಟ ಮುಗಿದರೆ ನನಗೆ ಭಾನುವಾರ ಉಳಿಯುವುದು ಜೇನು ಸಾಕಣೆ.

ಮುಂದಿನ ವಾರ ಅಡುಗೆಯ ದುರ್ಗಮ್ಮನ ಚಟ್ನಿ ಪಾತ್ರೆಯ ಸ್ಟೀಲ್ ಮುಚ್ಚಳ ತಂದೆ. ವೈರಿಯ ಕವಡೆಯನ್ನು ಮುಚ್ಚಳದ ಕೆಳಗೆ ಹಾಕಬೇಕು, ನಡೆಸುವವಳು ಮಾತ್ರ ನೋಡಬೇಕು, ಹಾಗೆಂದು ಪುಸ್ತಕದಲ್ಲಿದೆ ಎಂದೆ. ಪುಸ್ತಕದಲ್ಲಿ ಇರಲಿಲ್ಲ. ಅಂದಿನಿಂದ ಮುಚ್ಚಳದ ಕೆಳಗೆ ಎಂಟು ಬಿದ್ದಾಗಲೆಲ್ಲ ನಾನು ಮುಖ ಸಣ್ಣ ಮಾಡಿ 'ಮೂರು, ಭುಜಕ್ಕೆ ಗಾಯ' ಎನ್ನುತ್ತಿದ್ದೆ. ಕರುಣೆಯಿಂದಲ್ಲ. ಆಡುವವರು ಬೇಕಿತ್ತು.

ಜೂನ್‌ನಲ್ಲಿ ಶಾಂಭವಿ ಬಂದಳು. ದಾಸನಕೊಪ್ಪದವಳು, ಲಿಂಗಾಯತರ ಮನೆ, ಬಿ.ಎಸ್‌ಸಿ. ಮೊದಲ ವರ್ಷ. ಅವಳು ಗುಂಡವ್ವ ಎಂಬ ಗದೆ ಹಿಡಿದ ಹೆಂಗಸನ್ನು ಬರೆದುಕೊಂಡಳು. ಗುಂಡವ್ವ ಬಾಗಿಲು ತಟ್ಟುತ್ತಿರಲಿಲ್ಲ, ಒಡೆಯುತ್ತಿದ್ದಳು. ಏಳು ಜನ ಕಳ್ಳರ ನಡುವೆ ಒಬ್ಬಳೇ ನುಗ್ಗುತ್ತಿದ್ದಳು. ಬದುಕಿ ಬರುತ್ತಿದ್ದಳು. ದೀಪಾವಳಿಯ ಹೊತ್ತಿಗೆ ಶಾಂಭವಿಗೆ ಬೇಜಾರು ಬಂತು.

"ಜಯಕ್ಕಾ, ನಿಮ್ಮ ಕಳ್ಳರು ಹೊಟ್ಟಿಗೆ ಏನ್ ತಿಂತಾರ್ರಿ?"

"ಯಾಕೆ?"

"ಏಳ್ ಮಂದಿ ಸೇರಿ ಒಬ್ಬಾಕೀನ ಕೊಲ್ಲಾಕ ಆಗವಲ್ದು. ನಮ್ಮೂರ ಸೊಳ್ಳಿ ಇದ್ರೂ ಇಷ್ಟೊತ್ತಿಗೆ ನನ್ನ ಮುಗಿಸ್ತಿದ್ವು."

ಸ್ಫೂರ್ತಿ ನಕ್ಕಳು. ನಾನೂ ನಕ್ಕೆ. ಅಭಿಜ್ಞಾ ಮಾತ್ರ, "ನೀನು ಅದೃಷ್ಟದ ಮೇಲೆ ಆಡ್ತೆ. ಬುದ್ಧಿ ಓಡಿಸಿ ಆಡು," ಎಂದಳು.

ಅಭಿಜ್ಞಾ ಬುದ್ಧಿ ಓಡಿಸಿಯೇ ಆಡುತ್ತಿದ್ದಳು. ಭೌತಶಾಸ್ತ್ರ, ಕೊನೆಯ ವರ್ಷ. ಕೆಂಚಿ ಬಾವಿಗೆ ಇಳಿಯುವ ಮೊದಲು ಕಲ್ಲು ಎಸೆದು ಸದ್ದು ಬರುವವರೆಗೆ ಎಣಿಸುತ್ತಿದ್ದಳು. ಎಣಿಕೆಯಿಂದ ಆಳ ತೆಗೆದು ಹಗ್ಗ ಅಳೆಯುತ್ತಿದ್ದಳು. ನನ್ನ ಏಳು ಬಾವಿಯ ಕೋಟೆಯ ಮೂರನೇ ಬಾವಿಯಲ್ಲಿ ನೀರುಮುಖ ಎಂಬ ಪ್ರಾಣಿ ಇತ್ತು. ನೀರೇ ಮುಖವಾಗಿ ಏಳುವಂಥದ್ದು. ಅದರಿಂದ ಕೆಂಚಿ ತಪ್ಪಿಸಿಕೊಂಡು ಬಂದ ಕತೆಯನ್ನು ಅಭಿಜ್ಞಾ ರಜೆಯಲ್ಲಿ ಚಂದಗುಳಿಗೆ ಹೋದಾಗ ಚಿಕ್ಕಪ್ಪನ ಮಕ್ಕಳಿಗೆ ಎರಡು ಸಲ ಹೇಳಿದ್ದಳಂತೆ. ಮೂರನೇ ಸಲ ಅವರೇ ಕೇಳಿದರಂತೆ. ಅದನ್ನು ನನಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ನಾನು ನೋಡಲಿಲ್ಲ, ಹಪ್ಪಳದ ಕಡೆ ನೋಡಿದೆ.

ತಾರಸಿಯಲ್ಲಿ ಯಾವಾಗಲೂ ದುರ್ಗಮ್ಮನ ಏನಾದರೂ ಒಣಗುತ್ತಿರುತ್ತಿತ್ತು. ಕಾಗೆ ಓಡಿಸಬೇಕು, ಆಗ ಮಾತ್ರ ನಮಗೆ ತಾರಸಿ. ಅದು ಅವಳ ಕರಾರು.

ಎರಡು ಸಾವಿರದ ನಾಲ್ಕು, ಮಾರ್ಚ್ ಮೊದಲ ಭಾನುವಾರ. ಸ್ಫೂರ್ತಿ ಚಾಪೆಯ ಮೇಲೆ ಕೂತವಳು ಒಂದು ಉದ್ದ ಪುಸ್ತಕ ತೆಗೆದಳು.

"ಜಯಾ, ಒಂದು ಕೇಳ್ತೆ. ಸಿಟ್ಟು ಮಾಡಡ."

"ಎಂತದು?"

"ನಮ್ಮ ಕವಡೆಲಿ ಎಂಟು ಎಷ್ಟಕ್ಕೊಂದು ಬೀಳ್ತು?"

"ಹದಿನಾರಕ್ಕೆ ಒಂದು. ನೀನೇ ಹೇಳಿದ್ದೆ."

"ಅದು ಪಾಠದ ಕವಡೆ. ಈ ಕವಡೆ ಬೆನ್ನು ದುಂಡು, ಬಾಯಿ ಕಡೆ ಚಪ್ಪಟೆ. ಬಾಯಿ ಕೆಳಗೆ ಮಾಡಿ ಕೂರದು ಅದಕ್ಕೆ ಸುಲಭ. ನಾನೂರು ಸಲ ಹಾಕಿ ನೋಡಿದ್ದೆ. ನಲವತ್ಮೂರು ಸಲ ಎಂಟು. ಹತ್ತಕ್ಕೆ ಒಂದು."

"ಕೆಲಸ ಇಲ್ಲೆ ನಿಂಗೆ."

"ಸ್ಟ್ಯಾಟಿಸ್ಟಿಕ್ಸ್ ಪ್ರಾಕ್ಟಿಕಲ್ಲು. ಮೇಡಂ ನಾಣ್ಯ ಹಾಕು ಹೇಳಿದ್ರು, ಆನು ಕವಡೆ ಹಾಕಿದ್ದೆ." ಅವಳು ಹಾಳೆ ತಿರುವಿದಳು. "ಈಗ ಕೇಳು. ಪ್ರತಿ ಕಾಳಗದಲ್ಲಿ ವೈರಿ ಎಷ್ಟು ಪೆಟ್ಟು ಹಾಕಿದ ಹೇಳಿ ಆನು ಬರ್ಕಂಡಿದ್ದೆ. ಮುಚ್ಚಳ ಬಂದ ಮೇಲೆ ಮುನ್ನೂರ ಹನ್ನೆರಡು. ಮೂವತ್ತು ಸಲ ಎಂಟು ಬೀಳಕಾಗಿತ್ತು. ಒಂದೂ ಬಿದ್ದಿದ್ದಿಲ್ಲೆ. ಇದು ಅದೃಷ್ಟ ಅಲ್ಲ ಜಯಾ. ಇದು ನೀನು."

ಸುಳ್ಳು ಹೇಳುವುದರಲ್ಲಿ ನನ್ನ ತಪ್ಪು ಅದೊಂದೇ. ಆಗಾಗ ಒಂದು ಸಾವು ಬಿಡಬೇಕಿತ್ತು.

"ಹೌದು," ಎಂದೆ.

ಶಾಂಭವಿ ಎದ್ದು ನಿಂತಳು. ಅವಳ ಮುಖದಲ್ಲಿ ಖುಷಿ. "ಅಂದ್ರ ನಾ ಸತ್ತೀನೇನ್ರಿ? ಎಷ್ಟ್ ಸಲ?"

"ಹದಿನಾಲ್ಕು."

"ಹದಿನಾಲ್ಕು! ಎಂಟ್ ತಿಂಗಳದಾಗ! ಕಳ್ಳರ ಕೈಯಾಗ?"

"ಕಳ್ಳರ ಕೈಯಲ್ಲಿ ಐದು ಸಲ. ಒಂದ್ಸಲ ಕೋಳಿ."

"ಕೋಳಿ!" ಶಾಂಭವಿ ಚಾಪೆಯ ಮೇಲೆ ಉರುಳಿ ನಕ್ಕಳು.

ಅಭಿಜ್ಞಾ ನಗಲಿಲ್ಲ. "ಕೆಂಚಿ?"

"ಒಂಬತ್ತು."

"ಮೊದಲನೇದು ಎಲ್ಲಿ?"

ಇದನ್ನು ಕೇಳದಿದ್ದರೆ ಸಾಕು ಎಂದುಕೊಂಡಿದ್ದೆ. "ಮೂರನೇ ಬಾವಿಲಿ. ನೀರುಮುಖದ ಮೊದಲನೇ ಪೆಟ್ಟಿಗೆ."

"ಆನು ಬುದ್ಧಿ ಓಡಿಸಿ ತಪ್ಪಿಸ್ಕಂಡಿದ್ದು ಹೇಳಿ ತಿಳ್ಕಂಡಿದ್ದೆ."

"ಬುದ್ಧಿ ಓಡಿಸಿದ್ದು ಹೌದು. ಆದ್ರೂ ಎಂಟು ಬಿತ್ತು."

ಅವಳು ಕೆಂಚಿಯ ವಿವರ ಬರೆದಿದ್ದ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ತನ್ನ ಪ್ರಾಕ್ಟಿಕಲ್ ಜರ್ನಲ್ಲಿನೊಳಗೆ ಇಟ್ಟುಕೊಂಡು ಕೆಳಗೆ ಹೋದಳು. ಅಷ್ಟರಲ್ಲಿ ಕಾಗೆ ಎರಡು ಹಪ್ಪಳ ಒಯ್ದಿತ್ತು.

ಏಪ್ರಿಲ್‌ನಲ್ಲಿ ಅಭಿಜ್ಞಾಳ ಪರೀಕ್ಷೆ, ಆಮೇಲೆ ಅವಳು ಹಾಸ್ಟೆಲ್ ಬಿಡುತ್ತಾಳೆ. ಉಳಿದಿದ್ದು ಮೂರು ಭಾನುವಾರ. ಅವಳಿಗೆ ಬೇಕಾಗಿದ್ದದ್ದು ತನ್ನದೇ ಆದ ಕೆಂಚಿ, ನಾನು ಬದುಕಿಸಿದ ಕೆಂಚಿಯಲ್ಲ. ನನಗೆ ಬೇಕಾಗಿದ್ದದ್ದು ಅವಳು ಮತ್ತೆ ಚಾಪೆಗೆ ಬರುವುದು. ಕ್ಷಮೆ ಕೇಳಿದರೆ ಬರುವ ಹುಡುಗಿಯಲ್ಲ. ಕೇಳಿ ನೋಡಿದೆ. "ಪರವಾಗಿಲ್ಲೆ," ಎಂದಳು. ಬರಲಿಲ್ಲ.

ಎರಡನೇ ಭಾನುವಾರ ನಾವು ಮೂವರೇ ತಾರಸಿಯಲ್ಲಿ ಕೂತು ಆಟದ ಬದಲು ನಿಯಮದ ಬಗ್ಗೆ ಜಗಳವಾಡಿದೆವು. ಸಾವು ಎಷ್ಟಿರಬೇಕು? ಹತ್ತಕ್ಕೆ ಒಂದು ಎಂದರೆ ಒಂದೆರಡು ತಿಂಗಳಲ್ಲಿ ಎಲ್ಲರೂ ಖಾಲಿ. ಸ್ಫೂರ್ತಿ ಲೆಕ್ಕ ಹಾಕಿಯೇ ಬಂದಿದ್ದಳು.

"ಒಂದ್ಸಲ ಎಂಟು ಬಿದ್ರೆ ಪಾತ್ರ ನೆಲಕ್ಕೆ ಬೀಳ್ಲಿ. ಕೂಡ್ಲೇ ಇನ್ನೊಂದ್ಸಲ ಹಾಕದು. ಅದೂ ಎಂಟಾದ್ರೆ ಸಾವು. ನೂರಕ್ಕೆ ಒಂದು. ಮುಚ್ಚಳ ಬೇಡ."

"ನೂರಕ್ಕೆ ಒಂದು ಅಂದ್ರ ನಾಲ್ಕು ತಿಂಗಳಿಗೆ ಒಬ್ಬಾಕಿ," ಎಂದಳು ಶಾಂಭವಿ. "ಅದು ಕಾಳಗ ಅಲ್ಲ, ಲಾಟರಿ. ಕತ್ತಿ ಅಂದ್ರ ಹೆದರಿಕಿ ಬರಬೇಕ್ರಿ. ಹತ್ತಕ್ಕೊಂದೇ ಇರ್ಲಿ. ಕಾಳಗಕ್ಕ ಹೋಗೂ ಮೊದಲು ನಾಲ್ಕು ಸಲ ಯೋಚನೆ ಮಾಡ್ತೀವಿ."

"ನೀನು ಯೋಚನೆ ಮಾಡ್ತ್ಯಾ?" ಎಂದಳು ಸ್ಫೂರ್ತಿ. "ಕೋಳಿ ಕೈಲಿ ಸತ್ತವಳು?"

"ಗೊತ್ತಿದ್ರ ಕೋಳಿ ತಂಟೆಗೆ ಹೋಗ್ತಿರಲಿಲ್ರಿ. ಇವರು ಹೇಳಲೇ ಇಲ್ಲಲ್ಲ."

ನಾನು ಹೇಳಿದೆ: "ಹತ್ತಕ್ಕೊಂದು ಇಟ್ಟರೆ ಯಾವಾಗಲೂ ಇಬ್ಬರು ಸೂತಕದಲ್ಲಿರುತ್ತಾರೆ. ಆಟ ನಡೆಯುವುದು ಹೇಗೆ? ನಾನು ಮುಚ್ಚಳ ತಂದಿದ್ದೇ ಅದಕ್ಕೆ."

"ಸೂತಕ ಯಾಕ ಬೇಕ್ರಿ?"

"ಸತ್ತಿದ್ದಕ್ಕೆ."

"ನಮ್ಮನ್ಯಾಗ ಸೂತಕ ಹಿಡಿಯಂಗಿಲ್ಲ," ಎಂದಳು ಶಾಂಭವಿ. "ಮಣ್ಣು ಮಾಡ್ತೀವಿ, ಬಂದು ಜಳಕ ಮಾಡ್ತೀವಿ, ಲಿಂಗಪೂಜಿ ಮಾಡ್ತೀವಿ, ಉಣ್ತೀವಿ. ಮರುದಿನ ಹೊಲಕ್ಕ ಹೋಗೋರು ಹೋಗ್ತಾರ. ಆಟದಾಗೂ ಹಂಗ ಮಾಡ್ರಿ. ಸತ್ತಾಳಾ, ಮಣ್ಣು ಮಾಡು, ಕೈ ತೊಳ್ಕೊ, ಹೊಸಾಕೀನ್ನ ಬರಕೋ."

"ಹಾಗಾದರೆ ಸಾವಿಗೆ ಬೆಲೆ ಎಂತದು? ಯಾರಿಗೂ ಏನೂ ಅನ್ನಿಸುವುದಿಲ್ಲ."

ಶಾಂಭವಿ ನನ್ನನ್ನು ನೇರವಾಗಿ ನೋಡಿದಳು. "ಹೋದ ವರ್ಷ ನಮ್ಮಜ್ಜಿ ಪಾರ್ವತವ್ವ ತೀರಿಕೊಂಡ್ಳು. ಸೂತಕ ಹಿಡೀಲಿಲ್ಲ. ಅದಕ ನಮಗ ಯಾರಿಗೂ ಏನೂ ಅನ್ನಿಸಲಿಲ್ಲ ಅಂತ ತಿಳ್ಕೊಂಡೀರೇನು?"

ಸ್ಫೂರ್ತಿ ಪೆನ್ನಿನ ಮುಚ್ಚಳ ಹಾಕಿದಳು. ಒಂದು ವರ್ಷ ನಾನು ಹೆದರಿದ್ದು ಸಾವಿಗಲ್ಲ, ನಾವೇ ಮಾಡಿದ ಹತ್ತು ದಿನಕ್ಕೆ. ಆ ಹತ್ತು ದಿನ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ತೆಗೆದುಹಾಕಬಹುದು ಎಂದು ನಮ್ಮ ಮೂವರಲ್ಲಿ ಒಬ್ಬಳಿಗೂ ಹೊಳೆದಿರಲಿಲ್ಲ. ಸೂತಕವನ್ನು ತೆಗೆದುಹಾಕುವುದು ಎಂದರೇನೆಂದೇ ನಮಗೆ ಗೊತ್ತಿರಲಿಲ್ಲ.

ಅಂದು ಸಂಜೆ ಅಭಿಜ್ಞಾಳ ಕೋಣೆಗೆ ಹೋದೆ. ಅವಳು ಓದುತ್ತಿದ್ದಳು. ಹೊಸ ನಿಯಮ ಹೇಳಿದೆ. ಮುಚ್ಚಳ ಇಲ್ಲ. ಹತ್ತಕ್ಕೊಂದು. ಸೂತಕ ಇಲ್ಲ.

"ಮೂರನೇ ಬಾವಿ ಹಾಂಗೇ ಇದ್ದಾ?" ಎಂದಳು.

"ಇದ್ದು. ನೀರುಮುಖವೂ ಇದ್ದು. ಅದರ ಕೆಳಗೆ ಏಳನೇ ಬಾವಿಯ ಬೀಗದಕೈ ಇದ್ದು."

"ಬರೋ ಭಾನುವಾರ ಬತ್ತೆ. ಕೆಂಚಿ ಒಂದೇ ಇಳೀತು. ವೈರಿ ಕವಡೆನೂ ಆನೇ ಹಾಕ್ತೆ."

"ಸರಿ."

"ನೀನು ಎಂತ ಬರ್ಕಂಡಿದ್ಯೋ ಅದನ್ನೇ ಓದಕ್ಕು. ಬಿಡದಿಲ್ಲೆ, ಸೇರಿಸದಿಲ್ಲೆ."

"ಸರಿ ಹೇಳಿ ಹೇಳಿದ್ನಲ."

ಅವಳು ಪುಸ್ತಕಕ್ಕೆ ತಲೆ ಹಾಕಿದಳು. ನಾನು ಬಾಗಿಲು ದಾಟುವಾಗ, "ಕೋಳಿ ಕೈಲಿ ಸತ್ತಿದ್ದು ಖರೇನಾ?" ಎಂದು ಕೇಳಿದಳು.

"ಖರೆ."

"ಥೋ," ಎಂದು ನಕ್ಕಳು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು.

ಮೂರನೇ ಭಾನುವಾರ ನಾಲ್ವರೂ ಚಾಪೆಯ ಮೇಲಿದ್ದೆವು. ಮುಚ್ಚಳವನ್ನು ದುರ್ಗಮ್ಮನಿಗೆ ಕೊಟ್ಟು ಬಂದಿದ್ದೆ. "ಒಂದು ವರ್ಷದಿಂದ ಚಟ್ನಿಗೆ ತಟ್ಟೆ ಮುಚ್ತಿದ್ದೆ, ಕಳ್ಳಿ," ಎಂದಳು.

ಕೆಂಚಿ ಬಾವಿಯ ಕಟ್ಟೆಗೆ ಬಂದಳು. ಅಭಿಜ್ಞಾ ಕಲ್ಲು ಎಸೆದಳು, ಎಂದರೆ ಎಸೆದೆ ಎಂದಳು. ನಾನು ಬೆರಳಿನಿಂದ ಸದ್ದು ಕೊಟ್ಟೆ. ಅವಳು ಎಣಿಸಿದಳು. ಮತ್ತೊಂದು ಕಲ್ಲು. ಮತ್ತೆ ಎಣಿಸಿದಳು. ಹದಿನಾಲ್ಕು ತಿಂಗಳಲ್ಲಿ ಅವಳು ಎರಡನೇ ಕಲ್ಲು ಎಸೆದಿರಲಿಲ್ಲ. ಹಗ್ಗಕ್ಕೆ ಎರಡು ಗಂಟು ಹಾಕಿದಳು. ಎಣ್ಣೆ ಬಟ್ಟೆಯನ್ನು ಕತ್ತಿಗೆ ಸುತ್ತಿ ಬೆಂಕಿ ಹಚ್ಚಿದಳು, ನೀರಿನ ಪ್ರಾಣಿ ಬೆಂಕಿಗೆ ಹಿಂಜರಿಯಬಹುದು ಎಂದು. ಹಿಂಜರಿಯುತ್ತದೆ ಎಂದು ನನ್ನ ನೋಟ್‌ಬುಕ್ಕಿನಲ್ಲಿತ್ತು. ಅದನ್ನು ಯಾರೂ ಇದುವರೆಗೆ ಕಂಡುಹಿಡಿದಿರಲಿಲ್ಲ.

ಕೆಂಚಿ ಹಗ್ಗ ಹಿಡಿದು ಇಳಿದಳು. ನೀರುಮುಖ ಎದ್ದಿತು. ಅಭಿಜ್ಞಾ ಅದರ ಕವಡೆಯನ್ನು ಬಿಸಿ ಸಿಮೆಂಟಿನ ಮೇಲೆ ಎಸೆದಳು. ಎಲ್ಲರೂ ಬಗ್ಗಿದೆವು. ಎರಡು. ಕೆಂಚಿ ಹೊಡೆದಳು. ಮತ್ತೆ ಅದರ ಕವಡೆ. ಮೂರು ಕವಡೆ ಬಾಯಿ ಕೆಳಗಾಗಿ ಕೂತವು, ನಾಲ್ಕನೆಯದು ಗಿರಗಿರ ತಿರುಗಿತು. ಶಾಂಭವಿ ನನ್ನ ಮೊಣಕೈ ಹಿಡಿದಿದ್ದಳು. ಅದು ಬಾಯಿ ಮೇಲಾಗಿ ನಿಂತಿತು. ಒಂದು.

"ಅವ್ವಾ!" ಎಂದಳು ಶಾಂಭವಿ. "ನಾ ಹದಿನಾಲ್ಕು ಸಲ ಸತ್ತಾಗೂ ಇಷ್ಟ್ ಹೆದರಿಕಿ ಆಗಿದ್ದಿಲ್ಲ."

ಇನ್ನೂ ಮೂರು ಸುತ್ತು ನಡೆಯಿತು. ಐದನೇ ಪೆಟ್ಟಿಗೆ ನೀರುಮುಖ ಒಡೆದು ಬರೀ ನೀರಾಯಿತು. ಅಭಿಜ್ಞಾ ಎರಡೂ ಕೈಯಿಂದ ಮುಖ ಒರೆಸಿಕೊಂಡಳು. ಬೀಗದಕೈ ತೆಗೆದುಕೊಂಡೆ, ಹಗ್ಗ ಹಿಡಿದೆ, ಹತ್ತುತ್ತಿದ್ದೇನೆ ಎಂದಳು. ದನಿ ಕುಣಿಯುತ್ತಿತ್ತು.

ನಾನು ನೋಟ್‌ಬುಕ್ ನೋಡಿದೆ. ಮುಂದಿನ ಸಾಲು ಹೀಗಿತ್ತು: 'ಹತ್ತುವಾಗ ಗೋಡೆಯ ಪೊಟರೆಯಿಂದ ಬಾವಲಿಗಳು, ಎರಡು.' ಎಂದೋ ಬರೆದದ್ದು, ಸುಮ್ಮನೆ ಜಾಗ ತುಂಬಿಸಲು. ಓದದೆ ಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನೋಟ್‌ಬುಕ್ ನನ್ನ ಮಡಿಲಲ್ಲಿತ್ತು. ಅದೂ ಒಂದು ಮುಚ್ಚಳವೇ. ಅಭಿಜ್ಞಾ ನನ್ನನ್ನೇ ನೋಡುತ್ತಿದ್ದಳು.

"ಪೊಟರೆಯಿಂದ ಎರಡು ಬಾವಲಿ ಬಂದವು," ಎಂದೆ.

ಅವಳು ತಲೆಯಾಡಿಸಿ ಕವಡೆ ತೆಗೆದುಕೊಂಡಳು. ಮೊದಲನೆಯ ಬಾವಲಿ: ಮೂರು. ಎರಡನೆಯದು: ನಾಲ್ಕೂ ಕವಡೆ ಬಾಯಿ ಕೆಳಗೆ. ಒಂದೂ ತಿರುಗಲಿಲ್ಲ, ಒಂದೂ ಹಾರಲಿಲ್ಲ. ಇಟ್ಟ ಹಾಗೆ ಕೂತವು.

ಹಪ್ಪಳದ ಕಡೆ ಕಾಗೆ ಬಂದು ಕೂತಿತು, ಯಾರೂ ಓಡಿಸಲಿಲ್ಲ.

"ಬಾವಲಿ ಕೈಲಿ," ಎಂದಳು ಅಭಿಜ್ಞಾ. "ನೀರುಮುಖ ಮುಗಿಸಿಕ್ಕಿ, ಬಾವಲಿ ಕೈಲಿ." ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಇದು ಎಷ್ಟನೇದು, ಜಯಾ?"

"ಒಂದನೇದು," ಎಂದೆ.

ಅವಳು ಆ ನಾಲ್ಕು ಕವಡೆಗಳನ್ನು ಎತ್ತಿಕೊಂಡಳು. ಆಮೇಲೆ, "ಹೌದು, ಒಂದನೇದು," ಎಂದಳು.

"ಏಳ್ರಿ, ಮಣ್ಣು ಮಾಡೋಣು," ಎಂದಳು ಶಾಂಭವಿ. ತಾರಸಿಯ ಮೂಲೆಯಲ್ಲಿ ತುಳಸಿ ಸತ್ತು ಹೋದ ಒಂದು ಕುಂಡ ಇತ್ತು. ಕೆಂಚಿಯ ಹಾಳೆಯನ್ನು ಅದರೊಳಗೆ ನೆಟ್ಟಗೆ ಕೂರಿಸಿ ಮಣ್ಣು ಮುಚ್ಚಿದೆವು. ಶಾಂಭವಿಯ ಮನೆಯ ಕಡೆ ಕೂರಿಸಿಯೇ ಮಣ್ಣು ಮಾಡುವುದಂತೆ. ಸ್ಫೂರ್ತಿ ಒಂದು ಹಪ್ಪಳದ ಚೂರು ಇಟ್ಟಳು. ಇದು ಯಾರ ಪದ್ಧತಿ ಎಂದು ಯಾರೂ ಕೇಳಲಿಲ್ಲ. ಟ್ಯಾಂಕಿನ ನಲ್ಲಿಯಲ್ಲಿ ಕೈ ತೊಳೆದೆವು.

ಕೆಳಗಿನಿಂದ ದುರ್ಗಮ್ಮ ತಟ್ಟೆ ಬಡಿದಳು. "ಊಟಕ್ಕೆ ಬತ್ರೋ, ಕಾಗೆಗೆ ಹಾಕ್ಲೋ?"

"ಹತ್ತು ನಿಮಿಷ!" ಎಂದು ಕೂಗಿದಳು ಅಭಿಜ್ಞಾ. ಅವಳು ಒದ್ದೆ ಕೈ ಲಂಗಕ್ಕೆ ಒರೆಸಿಕೊಂಡು ಚಾಪೆಯ ಮೇಲೆ ಕೂತಿದ್ದಳು, ಜರ್ನಲ್ಲಿನ ಕೊನೆಯ ಖಾಲಿ ಹಾಳೆ ಕೀಳುತ್ತಿದ್ದಳು. ಹನ್ನೆರಡನೇ ದಿನಕ್ಕೆ ಕಾಯಬೇಕಾಗಿದ್ದರೆ ಅವಳು ಪರೀಕ್ಷೆ ಹಾಲ್‌ನಲ್ಲಿ ಇರುತ್ತಿದ್ದಳು.

"ಬೀಗದಕೈ ಎಲ್ಲಿದ್ದು ಈಗ?"

"ಕೆಂಚಿಯ ಕೈಲಿ. ಬಾವಿಯ ತಳದಲ್ಲಿ."

"ಬಾವಲಿ?"

"ಎರಡೂ ಇದ್ದು."

"ಹಂಗಾರೆ ಹೊಸದಕ್ಕೆ ಬಲೆ ಬೇಕು. ಬಲೆ ಬೀಸಲೆ ಬರಕ್ಕು." ಅವಳು ಬರೆದುಕೊಳ್ಳತೊಡಗಿದಳು. ಶಾಂಭವಿ ಗುಂಡವ್ವನನ್ನೂ ಕರೆದುಕೊಂಡು ಹೋಗು ಎಂದಳು. ಗುಂಡವ್ವ ಈಗ ಬಾಗಿಲು ತಟ್ಟಿ ಒಳಗೆ ಬರುತ್ತಾಳೆ ಎಂದು ಆಣೆ ಹಾಕಿದಳು. ಸ್ಫೂರ್ತಿ ಉದ್ದ ಪುಸ್ತಕ ತೆಗೆದು ಇಂದಿನ ಎಸೆತಗಳ ಕೆಳಗೆ ಒಂದು ಗೆರೆ ಎಳೆದಳು.

ಅಭಿಜ್ಞಾ ತಲೆಯೆತ್ತಿದಳು. "ಬಾವಿ ಕಟ್ಟೆಗೆ ಬಂದೆ. ಕಲ್ಲು ಹಾಕಿದ್ದೆ."

ನಾನು ಬೆರಳಿನಿಂದ ನೆಲ ತಟ್ಟಿದೆ. ಅವಳು ಎಣಿಸತೊಡಗಿದಳು.